ಕೌದಿ ಹೊದ್ದ ಪತಂಗ

ಬೆಳ್ಳಟ್ಟಿ ಕಡೆಯ ಹಿತ್ತಲುಗಳಿಗೆ ಬಿಳಿ ಲಿಲ್ಲಿ ತಕ್ಕ ಗಿಡ. ಬಚ್ಚಲ ನೀರು ಹರಿಯುವಲ್ಲಿ ಒಂದು ಗಡ್ಡೆ ಹೂತರೆ ಸಾಕು, ನಾಲ್ಕಾರು ವರ್ಷಕ್ಕೆ ಅದೇ ಒಂದು ಮಡಿಯಾಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ನಮ್ಮ ಆಡು ಇದನ್ನು ಮೂಸಿ ಮುಂದೆ ಹೋಗುತ್ತದೆ. ಹಾಗಾಗಿ ನಿಶ್ಚಿಂತೆಯಿಂದಿದ್ದೆ. ಮಿರಗದ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ತುದಿಯೇ ಇಲ್ಲ.

ಎಲೆ ಮಗುಚಿದೆ. ಸಾಲಾಗಿ ಕೂತಿದ್ದವು: ಕಪ್ಪು ಮೈ, ಸುಣ್ಣ ಚಿಮುಕಿಸಿದಂಥ ಬಿಳಿ ಮಚ್ಚೆ, ನಡುನಡುವೆ ಕುಂಕುಮದ ಬೊಟ್ಟು. ಅಡಗುವ ಇರಾದೆಯೇ ಇಲ್ಲದ ಹುಳಗಳು. ಇಂಥ ಬಣ್ಣ ಹಕ್ಕಿಗಳಿಗೆ ಕೊಡುವ ಎಚ್ಚರಿಕೆ: ನನ್ನನ್ನು ತಿಂದರೆ ನಿನಗೇ ಕಷ್ಟ.

ಇದು ಲಿಲ್ಲಿ ಪತಂಗದ ಮರಿಹುಳ. ಶಾಸ್ತ್ರೀಯ ಹೆಸರು ಪಾಲಿಟೆಲಾ ಗ್ಲೋರಿಯೋಸೆ. ಹೆಸರಿನಲ್ಲೇ ಅದರ ಹಳೆಯ ಊಟದ ವಿಳಾಸವಿದೆ. ಗ್ಲೋರಿಯೋಸಾ ಎಂದರೆ ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಬೆಂಕಿಯಂತೆ ಅರಳುವ ನಮ್ಮ ಗೌರಿ ಹೂವಿನ ಬಳ್ಳಿ. ಅದರ ಗಡ್ಡೆಯಲ್ಲಿರುವ ಕಾಲ್ಚಿಸಿನ್, ಜೀವಕೋಶ ಎರಡಾಗುವ ಕೆಲಸವನ್ನೇ ನಿಲ್ಲಿಸಬಲ್ಲ ವಿಷ. ಹದವರಿತು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಔಷಧ.

ಹಿತ್ತಲ ಲಿಲ್ಲಿ ಬಂದದ್ದು ಅಮೆರಿಕದ ಉಷ್ಣವಲಯದಿಂದ. ಆರು ಸಪೂರ ಎಸಳು, ನಡುವೆ ತೆಳು ಪೊರೆಯ ಬಟ್ಟಲು. ಜೇಡರ ಲಿಲ್ಲಿ ಎಂಬ ಹೆಸರು ಆ ಎಸಳುಗಳಿಂದ. ನಿಜವಾದ ಲಿಲ್ಲಿಗೂ ಇದಕ್ಕೂ ದೂರದ ನಂಟು. ಅಸಲಿ ಬಿಳಿ ಲಿಲ್ಲಿ ನೋಡಬೇಕೆಂದರೆ ನೀಲಗಿರಿಯಂಥ ತಂಪು ಬೆಟ್ಟ ಹತ್ತಬೇಕು. ನಮ್ಮದಕ್ಕೆ ಹತ್ತಿರದ ಬಳಗ ಗದಗ ಸೀಮೆಯ ಹೊಲದಲ್ಲೇ ಇದೆ: ಉಳ್ಳಾಗಡ್ಡಿ! ಈಗಿನ ವರ್ಗೀಕರಣದಲ್ಲಿ ಎರಡೂ ಒಂದೇ ಕುಟುಂಬ. ಗಡ್ಡೆಗಳೂ ಹಾಗೇ ಕಾಣುತ್ತವೆ. ಮೋಸಹೋಗಿ ಒಗ್ಗರಣೆಗೆ ಹಾಕಬೇಡಿ. ಲಿಲ್ಲಿಯಲ್ಲಿರುವ ಲೈಕೋರಿನ್ ವಾಂತಿ ಬರಿಸುವ ವಿಷ.

ಗೌರಿ ಹೂವಿನ ಬಳ್ಳಿ, ಹಿತ್ತಲ ಲಿಲ್ಲಿ: ಎರಡು ಕುಟುಂಬ, ಎರಡು ಬಗೆಯ ವಿಷ. ಈ ಹುಳ ಎರಡನ್ನೂ ಅರಗಿಸಿಕೊಳ್ಳುತ್ತದೆ. ನನಗೆ ಸೋಜಿಗ ಅನಿಸುವುದು ಇದೇ. ದೂರದೇಶದ ಗಡ್ಡೆ ನಮ್ಮ ಬಚ್ಚಲ ಬದಿಗೆ ಬಂತು, ಬೇಲಿಯ ಹುಳ ಅದನ್ನೂ ತನ್ನ ಎಡೆಗೆ ಸೇರಿಸಿಕೊಂಡಿತು. ತಮಾಷೆ ಎಂದರೆ, ಸಂಜೆ ಅರಳಿ ಕತ್ತಲಲ್ಲಿ ಬೆಳ್ಳಗೆ ಘಮಘಮಿಸುವ ಈ ಹೂ ತವರಿನಲ್ಲಿ ಕರೆಯುವುದೂ ಪತಂಗಗಳನ್ನೇ, ಉದ್ದ ನಾಲಿಗೆಯ ಗಿಡುಗ ಪತಂಗಗಳನ್ನು.

“ಎಣ್ಣಿ ಹೊಡೀರಿ, ಮುಗೀತು” ಎಂದರು ನೆರೆಯವರು. ಹಿತ್ತಲಿನ ಹತ್ತು ಗಿಡಕ್ಕೆ ಅದರ ಅಗತ್ಯ ನನಗೆ ಕಾಣಲಿಲ್ಲ. ಹೆಣ್ಣು ಪತಂಗ ಮೊಟ್ಟೆಗಳನ್ನು ಗುಂಪಾಗಿ ಎಲೆಗೆ ಅಂಟಿಸುತ್ತದೆ. ಆಗಲೇ ಆ ತುಂಡನ್ನು ಹರಿದು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಮರಿಗಳೂ ಮೊದಮೊದಲು ಒಟ್ಟಿಗೇ ಮೇಯುತ್ತವೆ, ಸೋಪಿನ ನೀರಿನ ಬೋಗುಣಿಗೆ ಕೊಡವಿದರಾಯಿತು. ತಡಮಾಡಿದರೆ ಕಷ್ಟ: ಬಲಿತ ಹುಳ ಬುಡಕ್ಕಿಳಿದು ಗಡ್ಡೆಯನ್ನೂ ಕೊರೆಯುತ್ತದೆ, ಆಮೇಲೆ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡುವುದು ಅದಕ್ಕೇ.

ಒಂದು ಕೋಶವನ್ನು ಮಾತ್ರ ಮಣ್ಣು ಸಮೇತ ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೆ. ಹೊರಬಂದ ಪತಂಗದ ರೆಕ್ಕೆ ಕಪ್ಪು, ಕೆಂಪು, ಹಳದಿ ತುಂಡು ಹೊಲಿದ ಅಜ್ಜಿಯ ಕೌದಿಯಂತಿತ್ತು. ಬಟ್ಟೆ ಬಿಚ್ಚಿದೆ. ಅದು ನೇರ ಲಿಲ್ಲಿ ಮಡಿಯ ಕಡೆಗೇ ಹಾರಿತು.