ಮುಳುಗದ ಮನೆಯವರೂ ಮುಳುಗಡೆಯವರೇ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ಹಾದು ಸಾಗರ ಸೀಮೆಗೆ ಬಂದು ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. ಭೂಕಂಪವಾದರೆ ಮುನ್ಸೂಚನೆಯೇ ಇಲ್ಲದೆ ಊರು ಗಳಿಗೆಯಲ್ಲಿ ಖಾಲಿ. ಆದರೆ 1964ರಲ್ಲಿ ಅಣೆಕಟ್ಟು ಮುಗಿದ ಈ ಕಣಿವೆಯಲ್ಲಿ ಜನರನ್ನು ಎಬ್ಬಿಸಿದ್ದು ಹೇಳಿಕೇಳಿ ಬಂದ ನೀರು. ಗದ್ದೆ, ತೋಟ ಬಿಟ್ಟು ಹೋದವರ ಸಂಕಟ ನಾಡಿಗೆ ಸ್ವಲ್ಪವಾದರೂ ಗೊತ್ತು. ಹಿನ್ನೀರಿನಾಚೆ ತುಮರಿ ಸುತ್ತಿನ ಕರೂರು, ಬಾರಂಗಿ ಹೋಬಳಿಗಳಲ್ಲಿ ಹಾಗೇ ಉಳಿದವರನ್ನು ಮಾತ್ರ ಯಾರೂ ಸಂತ್ರಸ್ತರೆಂದು ಕರೆಯುವುದಿಲ್ಲ. ಕರೆಯಬೇಕು. ಅವರ ಹೊಸಿಲಿಗೆ ನೀರು ಬರಲಿಲ್ಲ, ನಿಜ. ಆದರೆ ಪೇಟೆಗೆ, ಆಸ್ಪತ್ರೆಗೆ, ಕಚೇರಿಗೆ ಹೋಗುವ ದಾರಿ ಮುಳುಗಿತು, ಹೆಣ್ಣು ಕೊಟ್ಟು ತಂದ ನೆಂಟರ ಊರುಗಳು ಮುಳುಗಿದವು. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿನ ಕಬ್ಬಿಣದ ಹಲಗೆ ದಡಕ್ಕೆ ಇಳಿಯುವ ತನಕ ಬಸ್ಸು, ಅಡಿಕೆ ಮೂಟೆ, ಹೆರಿಗೆ ನೋವಿನ ಹೆಂಗಸು ಎಲ್ಲರೂ ಒಂದೇ ಸಾಲಿನಲ್ಲಿ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಕಾಡಿನ ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದೇ ಬಂದ್ ಆಗುತ್ತಿತ್ತು.

ಎದ್ದು ಹೋಗಬಹುದಿತ್ತಲ್ಲ, ಉಳಿದದ್ದು ಅವರ ಇಷ್ಟ ಎನ್ನುವವರಿದ್ದಾರೆ. ಎಲ್ಲಿಗೆ ಹೋಗಬೇಕಿತ್ತು? ಹೋದವರಿಗೆ ಸಿಕ್ಕಿದ್ದು ಕಾಡಿನ ಜಾಗ. ಅದರ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಹಾಗಿರುವಾಗ ಇದ್ದ ತೋಟವನ್ನೇ ಹಿಡಿದು ಕೂತವರದು ಹಠವಲ್ಲ, ಲೆಕ್ಕಾಚಾರ. ಸಾಗರದಲ್ಲಿದ್ದು ಇದನ್ನೆಲ್ಲ ಕಂಡ ನಾ. ಡಿಸೋಜ ತಮ್ಮ ‘ದ್ವೀಪ’ ಕಾದಂಬರಿಯಲ್ಲಿ ಗಣಪಯ್ಯನ ಸಂಸಾರವನ್ನು ಏರುವ ನೀರಿನ ನಡುವೆ ಉಳಿಸಿದ್ದು ಇಂಥವರ ಕಡೆ ನಮ್ಮ ಕಣ್ಣು ತಿರುಗಿಸಿತು, ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಆ ಅಣೆಕಟ್ಟಿನಿಂದ ನಾಡಿಗೆಲ್ಲ ಕರೆಂಟು ಬಂತಲ್ಲ ಎಂಬ ಮಾತಂತೂ ಸುಳ್ಳಲ್ಲ. ಆದರೆ ಲಾಭ ನಾಡಿನದಾದರೆ ನಷ್ಟವೂ ನಾಡಿನದೇ ಆಗಬೇಕಿತ್ತು, ಒಂದೆರಡು ಹೋಬಳಿಯ ಹೆಗಲಿಗೆ ಬೀಳಬಾರದಿತ್ತು.

ಈಗ ಸೇತುವೆಯಾಯಿತು, ಇನ್ನೇಕೆ ಹಳೆಯ ಮಾತು ಎಂಬ ಆಕ್ಷೇಪವೇ ಹೆಚ್ಚು ಗಟ್ಟಿಯಾದುದು. ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಆ ಭಾಗದ ಬದುಕನ್ನೇ ಅದು ಬದಲಿಸುತ್ತದೆ. ಆದರೆ ಅಣೆಕಟ್ಟು ಮುಗಿದು 61 ವರ್ಷಕ್ಕೆ ಬಂದ ಸೇತುವೆಯನ್ನು ಸಿಗಂದೂರಿಗೆ ಹೋಗುವ ಯಾತ್ರಿಕರಿಗೆ ಕೊಟ್ಟ ಸೌಲಭ್ಯವೆಂದಷ್ಟೇ ಬಣ್ಣಿಸುವುದು ಸರಿಯಲ್ಲ. ಅದು ತಡವಾಗಿ ತೀರಿದ ಸಾಲ, ಅದೂ ಅರ್ಧ. ಉಳಿದ ಅರ್ಧಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆಚೆ ದಡದಲ್ಲಿ ಉಳಿದ ಮನೆಗಳು, ಕಡಿದುಹೋದ ದಾರಿಗಳು, ಮುಳುಗಿದ ಊರುಗಳ ಹೆಸರನ್ನು ಜಿಲ್ಲಾಡಳಿತ ಊರೂರಿಗೆ ಹೋಗಿ ಬರೆಸಿಕೊಳ್ಳಲಿ. ನೀರು ಏರಿದ್ದನ್ನು ಕಣ್ಣಾರೆ ಕಂಡ ಹಿರಿಯರು ಇರುವಾಗಲೇ ಆ ಕೆಲಸ ಆಗಲಿ.