ಬದನೆಯ ಹುಳುವೂ ಬದನೆಯ ಬಂಧುಗಳೂ

ಬಿಟಿ ಬದನೆಯನ್ನು ತಿಂದ ಹುಳು ಸಾಯುವುದಾದರೆ ತಿಂದ ಮನುಷ್ಯನ ಗತಿಯೇನು? ಕಾಸರಕೋಡ, ಹೊನ್ನಾವರ ಭಾಗದ ಸದ್ಭಕ್ತರು ನಮ್ಮನ್ನು ಹೀಗೆ ಕೇಳುವುದುಂಟು. ಪ್ರಶ್ನೆ ಸಹಜವಾದುದು; ಆದರೆ ಭಯವಿರಬೇಕಾದ ಸ್ಥಳ ಬೇರೆ.

ಮಣ್ಣಿನಲ್ಲಿರುವ ‘ಬ್ಯಾಸಿಲಸ್ ತುರಿಂಜಿಯೆನ್ಸಿಸ್’ ಎಂಬ ಸೂಕ್ಷ್ಮಾಣುವಿನ ಒಂದು ವಂಶವಾಹಿಯನ್ನು ಗಿಡಕ್ಕೆ ಸೇರಿಸಿದರೆ, ಗಿಡವೇ ಕಾಯಿಕೊರಕಕ್ಕೆ ಮಾರಕವಾದ ಪ್ರೋಟೀನನ್ನು ತಯಾರಿಸುತ್ತದೆ. ಹುಳುವಿನ ಕ್ಷಾರಯುಕ್ತ ಕರುಳಿನಲ್ಲಿ ಆ ಪ್ರೋಟೀನು ಕರಗಿ, ಕರುಳಿನ ಗೋಡೆಗೆ ಅಂಟಿ, ಅದನ್ನು ತೂತುಮಾಡುತ್ತದೆ. ನಮ್ಮ ಜಠರ ಆಮ್ಲಯುಕ್ತ. ಅದು ಅಂಟಿಕೊಳ್ಳುವ ನೆಲೆಯೂ ನಮ್ಮ ಕರುಳಿನಲ್ಲಿಲ್ಲ. ಕೊರಕಕ್ಕೆ ಅಂಜಿ ಮತ್ತೆ ಮತ್ತೆ ಸಿಂಪಡಿಸುವ ಕೀಟನಾಶಕವೇ ಊಟದ ತಟ್ಟೆಗೆ ಹೆಚ್ಚು ಹತ್ತಿರದ ವಿಷವೆಂದು ವೈದ್ಯರಾದ ನಾವು ಹೇಳಲೇಬೇಕು.

ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಈ ವಂಶವಾಹಿಯನ್ನು ನಮ್ಮ ನಾಡತಳಿಗಳಿಗೆ ಸೇರಿಸಿತು. ಉಡುಪಿಯ ಗುಳ್ಳವೂ ಅವುಗಳಲ್ಲೊಂದು; ಆ ಗುಳ್ಳದ ಬೀಜ ನಮ್ಮ ಜಿಲ್ಲೆಯ ಸೋದೆಯ ವಾದಿರಾಜರಿಂದ ಬಂದುದೆಂಬ ಪ್ರತೀತಿಯಿದೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿಯು ಬಿಟಿ ಬದನೆಗೆ ಒಪ್ಪಿಗೆಯಿತ್ತಿತು. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಅಹವಾಲು ಆಲಿಸಿದ ಸಚಿವ ಜೈರಾಮ್ ರಮೇಶರು 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಬಾಂಗ್ಲಾದೇಶವು 2013ರಲ್ಲಿ ಒಪ್ಪಿತು. ಅಲ್ಲಿ ಸಿಂಪಡಣೆ ಇಳಿಯಿತು.

ಹಾಗಾದರೆ ನಮ್ಮ ಶಂಕೆಯೇನು? ಬದನೆಗೆ ಭಾರತವೇ ತವರು. ಅದರ ಬಂಧುಗಳಾದ ಬೃಹತಿ ಮತ್ತು ಕಂಟಕಾರಿ, ಅಂದರೆ ಕಿರುಗುಳ್ಳ ಮತ್ತು ನೆಲಗುಳ್ಳ, ಬೇಲಿಬದಿಯಲ್ಲಿ ತಾವಾಗಿ ಬೆಳೆಯುತ್ತವೆ. ಇವೆರಡೂ ದಶಮೂಲದಲ್ಲಿ ಸೇರಿವೆ. ಕೆಮ್ಮು, ಉಬ್ಬಸಗಳಿಗೆ ನಾವು ಕೊಡುವ ಕಷಾಯಗಳ ಜೀವಾಳ. ಹೊಲದ ಬದನೆಯ ಪರಾಗ ಕಾಡುಬಂಧುಗಳಿಗೆ ತಲುಪೀತೇ, ತಲುಪಿದರೆ ಅವುಗಳ ಗುಣವೀರ್ಯಗಳು ಏನಾದಾವು ಎಂಬುದನ್ನು ದೀರ್ಘಕಾಲ ಪರೀಕ್ಷಿಸಿದ ಮೇಲೆಯೇ ಬೀಜವನ್ನು ರೈತನ ಕೈಗಿಡುವುದು ಉಚಿತ. ಮಾರುಕಟ್ಟೆಗಿರುವ ಅವಸರ ಮದ್ದಿನ ಗಿಡಕ್ಕಿಲ್ಲ.

ಹುಳುವೂ ಸುಮ್ಮನಿರದು. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತೆಂದರು. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಅದರ ಮೊದಲ ಪ್ರೋಟೀನನ್ನು ಜೀರ್ಣಿಸಿಕೊಂಡಿತ್ತು.

ಹಿತ್ತಲಲ್ಲಿ ಬದನೆ ಬೆಳೆಯುವವರು ಬಾಡಿ ಜೋತ ಕುಡಿಯನ್ನು ಕಂಡೊಡನೆ ಒಂದು ಗೇಣು ಕೆಳಗೆ ಚಿವುಟಿ ಸುಡಬೇಕು, ಹುಳು ಅದರೊಳಗಿರುತ್ತದೆ. ತೂತಾದ ಕಾಯಿಗಳನ್ನು ಗಿಡದ ಬುಡದಲ್ಲಿ ಬಿಡಲಾಗದು. ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆಗಳು ಕೃಷಿ ಕೇಂದ್ರಗಳ ಮೂಲಕ ದೊರೆಯುತ್ತವೆ. ಸಿಂಪಡಿಸಲೇಬೇಕಾದರೆ, ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನ ಕಳೆಯುವವರೆಗೆ ಕಾಯಿ ಕೊಯ್ಯಬಾರದು. ಒಂದೆರಡು ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಡಿರಿ.