ಆಟದ ಮೈದಾನ, ಹೃದಯದ ಸ್ನಾಯು, ವೈದ್ಯರ ಮಾತು



ಮನೆಯ ಹುಡುಗನಿಗೆ ಜ್ವರ ಬಂದು ಇಳಿದಿದೆ. ನಾಳಿದ್ದು ಶಾಲೆಯಲ್ಲಿ ಕಬಡ್ಡಿ ಪಂದ್ಯ. ಕಳುಹಿಸುವುದೋ ಬೇಡವೋ? ನಮ್ಮ ಊರುಗಳಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳುವವರು ಮನೆಯ ಹಿರಿಯರು. ಹೆಚ್ಚೆಂದರೆ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರು. ಡಾಕ್ಟರು ಓಡಾಟ ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಇದೇ ಪ್ರಶ್ನೆ 2020ನೇ ಇಸವಿಯಲ್ಲಿ, ಕೋವಿಡ್ ಮಹಾಮಾರಿಯ ಕಾಲದಲ್ಲಿ, ಅಮೆರಿಕದ ಊರೂರಿನಲ್ಲೂ ಜಗಳಕ್ಕೆ ಕಾರಣವಾಯಿತು. ಶಾಲಾ ಮಂಡಳಿಯ ಸಭೆಗಳಲ್ಲಿ ಕೂಗಾಟ ನಡೆಯಿತು, ಕೆಲವರು ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಕೊನೆಗೆ ಪ್ರಶ್ನೆ ಆಟದ್ದಾಗಿ ಉಳಿಯಲಿಲ್ಲ. ವೈದ್ಯರು ಹೇಳಿದ್ದನ್ನು ನಂಬಬೇಕೇ ಎಂಬುದೇ ಪ್ರಶ್ನೆಯಾಯಿತು. ಆ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ದೂರದ ಅಮೆರಿಕದ ಮಾತು ನಮಗೇಕೆ ಎಂದು ನೀವು ಕೇಳಬಹುದು. ಅಲ್ಲಿ ಶಾಲೆಯ ಆಟಕ್ಕೆ ಇರುವ ಸ್ಥಾನವನ್ನು ತಿಳಿದರೆ ಈ ಜಗಳದ ಬಿಸಿ ಅರ್ಥವಾಗುತ್ತದೆ. ನಮ್ಮಲ್ಲಿ ಊರ ಜಾತ್ರೆ ಹೇಗೋ, ಅಲ್ಲಿನ ಸಣ್ಣ ಪಟ್ಟಣಗಳಲ್ಲಿ ಶುಕ್ರವಾರ ಸಂಜೆಯ ಹೈಸ್ಕೂಲು ಫುಟ್‌ಬಾಲ್ ಪಂದ್ಯ ಹಾಗೆ. ಊರಿಗೆ ಊರೇ ಅಲ್ಲಿ ಸೇರುತ್ತದೆ. ಅವರ ಫುಟ್‌ಬಾಲ್ ನಾವು ಕಾಲಿನಿಂದ ಒದೆಯುವ ಆಟವಲ್ಲ. ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಬೇರೆಯೇ ಆಟ. ಮಹಾಮಾರಿಗೆ ಮೊದಲು, 2018-19ರಲ್ಲಿ, ಹೈಸ್ಕೂಲು ಆಟಗಳಲ್ಲಿ ಭಾಗವಹಿಸಿದವರ ಲೆಕ್ಕ ಸುಮಾರು 79 ಲಕ್ಷ. ಒಬ್ಬನೇ ಎರಡು ಆಟ ಆಡಿದರೆ ಅದು ಎರಡು ಎಂದೇ ಎಣಿಕೆಯಾಗುತ್ತದೆ ಎಂಬುದು ಬೇರೆ ಮಾತು. ಬಡವರ ಮನೆಯ ಎಷ್ಟೋ ಹುಡುಗರಿಗೆ ಆಟದ ವಿದ್ಯಾರ್ಥಿವೇತನವೇ ಕಾಲೇಜಿನ ದಾರಿ. ಒಂದು ವರ್ಷ ಆಟ ನಿಂತರೆ, ಕೊನೆಯ ತರಗತಿಯ ಹುಡುಗನಿಗೆ ಆ ವರ್ಷ ಮರಳಿ ಬರುವುದಿಲ್ಲ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಾಗತಿಕ ಮಹಾಮಾರಿ ಎಂದು ಕರೆಯಿತು. ಅದೇ ರಾತ್ರಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗು ಒಬ್ಬ ಆಟಗಾರನಿಗೆ ಸೋಂಕು ಕಂಡಿತೆಂದು ಪಂದ್ಯಗಳನ್ನೆಲ್ಲ ನಿಲ್ಲಿಸಿತು. ಕೆಲವೇ ವಾರಗಳಲ್ಲಿ ಶಾಲೆಗಳೂ ಮುಚ್ಚಿದವು, ವಸಂತ ಋತುವಿನ ಆಟಗಳೂ ರದ್ದಾದವು. ಆಗ ಹೆಚ್ಚಿನವರು ತಕರಾರು ಮಾಡಲಿಲ್ಲ. ಹೊಸ ರೋಗ, ಯಾರಿಗೂ ಗೊತ್ತಿಲ್ಲ, ತಜ್ಞರು ಹೇಳಿದಂತೆ ನಡೆಯೋಣ ಎಂದುಕೊಂಡರು.

ಬಿರುಕು ಬಿಟ್ಟದ್ದು ಆಮೇಲೆ. ಫೆಬ್ರುವರಿ ಕೊನೆಯಲ್ಲಿ ಅಲ್ಲಿನ ಸರ್ಜನ್ ಜನರಲ್ ಸಾಮಾನ್ಯ ಜನ ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಬೇಕೆಂದು ಹೇಳಿದ್ದರು. ಏಪ್ರಿಲ್ 3ರಂದು ರೋಗ ನಿಯಂತ್ರಣ ಕೇಂದ್ರವು ಎಲ್ಲರೂ ಬಟ್ಟೆಯ ಮಾಸ್ಕ್ ಧರಿಸಿರೆಂದು ಸಲಹೆ ನೀಡಿತು. ಮಾತು ಬದಲಾದುದಕ್ಕೆ ಕಾರಣವಿತ್ತು. ಕೆಮ್ಮು, ಜ್ವರ ಏನೂ ಇಲ್ಲದವರಿಂದಲೂ ಸೋಂಕು ಹರಡುತ್ತದೆಂದು ಆ ಹೊತ್ತಿಗೆ ತಿಳಿದುಬಂದಿತ್ತು. ಆದರೆ ಜನರ ಕಿವಿಗೆ ಬಿದ್ದದ್ದು ಕಾರಣವಲ್ಲ, ಬದಲಾವಣೆ ಮಾತ್ರ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆಗಸ್ಟ್ 11ರಂದು ಕಾಲೇಜು ಕ್ರೀಡೆಯ ಎರಡು ದೊಡ್ಡ ಒಕ್ಕೂಟಗಳು, ಬಿಗ್ ಟೆನ್ ಮತ್ತು ಪ್ಯಾಕ್ ಟ್ವೆಲ್ವ್, ಆ ಋತುವಿನ ಫುಟ್‌ಬಾಲನ್ನು ಮುಂದೂಡಿದವು. ಅಷ್ಟೇ ದೊಡ್ಡದಾದ ಇನ್ನು ಮೂರು ಒಕ್ಕೂಟಗಳು ಆಡುತ್ತೇವೆ ಎಂದವು. ಎಲ್ಲರಿಗೂ ಸಲಹೆ ಕೊಟ್ಟವರು ವೈದ್ಯರೇ, ಎಲ್ಲರ ಮುಂದಿದ್ದದ್ದೂ ಅವೇ ಅಂಕಿ ಅಂಶಗಳು. ಹಾಗಿರುವಾಗ ಎರಡು ತೀರ್ಮಾನ ಹೇಗೆ ಬಂತು? ಗಡಿನಾಡಿನಲ್ಲಿ ಬಾಳುವ ನಿಮಗೆ ಇದು ಹೊಸ ಅನುಭವವೇನಲ್ಲ. ಎರಡು ಭಾಷೆಯ ಸುದ್ದಿ ಕೇಳುವವರು ನೀವು. ಒಂದೇ ರೋಗಕ್ಕೆ ಗಡಿಯ ಆಚೆ ಒಂದು ನಿಯಮ, ಈಚೆ ಒಂದು ನಿಯಮ ಎಂಬುದನ್ನು ಕಂಡವರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆರೋಗ್ಯದ ಹೆಸರಿನಲ್ಲಿ ಹೊರಡುವ ಎಲ್ಲ ಆಜ್ಞೆಯೂ ವೈದ್ಯಶಾಸ್ತ್ರದ ಮಾತಲ್ಲ ಎಂಬುದನ್ನು ಕಾಸರಗೋಡಿನವರಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಒಕ್ಕೂಟಗಳನ್ನು ಹೆದರಿಸಿದ ಕಾರಣಗಳಲ್ಲಿ ಮುಖ್ಯವಾದದ್ದು ಹೃದಯದ ಸ್ನಾಯುವಿನ ಉರಿಯೂತ. ವೈದ್ಯರು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಕೋವಿಡ್ ಬರುವುದಕ್ಕೆ ಎಷ್ಟೋ ಮೊದಲೇ ಇದು ಗೊತ್ತಿದ್ದ ಕಾಯಿಲೆ. ಕೆಲವು ವೈರಾಣುಗಳ ಸೋಂಕು ತಗುಲಿದ ಮೇಲೆ ಹೃದಯದ ಸ್ನಾಯು ಊದಿಕೊಳ್ಳಬಹುದು. ಕುಳಿತಿರುವಾಗ ಏನೂ ಅನ್ನಿಸದಿರಬಹುದು. ಆದರೆ ಅಂಥ ಹೃದಯದೊಂದಿಗೆ ಜೋರಾಗಿ ಓಡಿದರೆ ಬಡಿತದ ಲಯ ತಪ್ಪಿ, ಆಟಗಾರ ಮೈದಾನದಲ್ಲೇ ಕುಸಿಯುವ ಅಪಾಯವುಂಟು. ಆದ್ದರಿಂದ ಈ ಕಾಯಿಲೆ ಕಂಡವರಿಗೆ ಮೂರರಿಂದ ಆರು ತಿಂಗಳು ಪಂದ್ಯಗಳಿಂದ ವಿಶ್ರಾಂತಿ ಎಂಬುದು ಆಗಿನ ವಾಡಿಕೆಯಾಗಿತ್ತು. ಹೊಸ ವೈರಾಣುವೂ ಹೀಗೆ ಮಾಡೀತೇ ಎಂದು ವೈದ್ಯರು ಚಿಂತಿಸಿದ್ದು ನ್ಯಾಯವಾದದ್ದೇ. ಚಿಂತಿಸದಿದ್ದರೆ ಅವರು ವೈದ್ಯರೇ ಅಲ್ಲ.

2020ರ ಜುಲೈ ಕೊನೆಯಲ್ಲಿ ಜರ್ಮನಿಯಿಂದ ಒಂದು ವರದಿ ಬಂತು. ಕೋವಿಡ್‌ನಿಂದ ಗುಣವಾದ 100 ಜನರ ಹೃದಯವನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ 78 ಜನರಲ್ಲಿ ಏನಾದರೊಂದು ವ್ಯತ್ಯಾಸ ಕಂಡಿತೆಂದು ಅದು ಹೇಳಿತು. ಆ ನೂರು ಜನ ಹೈಸ್ಕೂಲು ಹುಡುಗರಲ್ಲ. ಅವರ ನಡುವಯಸ್ಸು 49. ಲೆಕ್ಕದಲ್ಲಿ ತಪ್ಪುಗಳಿವೆಯೆಂದು ಇತರರು ತೋರಿಸಿದ ಮೇಲೆ ಲೇಖಕರು ತಿದ್ದುಪಡಿಯನ್ನೂ ಪ್ರಕಟಿಸಿದರು. ಪತ್ರಿಕೆಗಳಲ್ಲಿ 78 ಎಂಬ ಅಂಕಿ ಓಡಿದಷ್ಟು ವೇಗವಾಗಿ ತಿದ್ದುಪಡಿ ಓಡಲಿಲ್ಲವೆಂದು ಬೇರೆ ಹೇಳಬೇಕೇ?

ಆಗಸ್ಟ್ ಕೊನೆಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಪಟ್ಟಣದ ಶಾಲಾ ಮಂಡಳಿ ಸಭೆ ಸೇರಿತ್ತು. ಮಕ್ಕಳ ಆಟ ನಡೆಸುವುದೋ ಬೇಡವೋ ಎಂಬುದು ವಿಷಯ. ಅಲ್ಲಿನ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯರು, ಬಿಗ್ ಟೆನ್ ಒಕ್ಕೂಟದಲ್ಲಿ ಸೋಂಕು ತಗುಲಿದ ಆಟಗಾರರ ಪೈಕಿ ನೂರಕ್ಕೆ 30ರಿಂದ 35 ಜನರ ಹೃದಯದಲ್ಲಿ ಉರಿಯೂತ ಕಂಡಿದೆ ಎಂದುಬಿಟ್ಟರು. ಮಾತು ದೇಶವಿಡೀ ಹಬ್ಬಿತು. ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯವು ಸ್ಪಷ್ಟೀಕರಣ ಕೊಟ್ಟಿತು: ಅದು ಸಹೋದ್ಯೋಗಿಯೊಬ್ಬರು ಬಾಯಿಮಾತಿನಲ್ಲಿ ಹೇಳಿದ್ದ ಪ್ರಾಥಮಿಕ ಅಂಕಿ, ಅಧ್ಯಯನ ಪ್ರಕಟವಾಗುವಾಗ ಅದು 15ರ ಹತ್ತಿರಕ್ಕೆ ಇಳಿದಿದೆ ಎಂದು.

ಆ ಅಧ್ಯಯನ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ್ದು. ಅದು ಸೆಪ್ಟೆಂಬರ್ 11ರಂದು ಪ್ರಕಟವಾಯಿತು. ನೋಡಿದ್ದು 26 ಆಟಗಾರರನ್ನು; ಉರಿಯೂತದ ಗುರುತು ಕಂಡದ್ದು 4 ಜನರಲ್ಲಿ. ನೂರಕ್ಕೆ 15 ಎಂದರೆ ಭಯವಾಗುತ್ತದೆ. ಆದರೆ ಲೆಕ್ಕ ನೋಡಿ: 26ರಲ್ಲಿ ಒಬ್ಬ ಹೆಚ್ಚಾದರೂ ಕಡಿಮೆಯಾದರೂ ಶೇಕಡಾ 4ರಷ್ಟು ಏರಿಳಿತ. ಇನ್ನೂ ಮುಖ್ಯವಾದದ್ದು ಒಂದಿದೆ. ಸೋಂಕೇ ತಗುಲದ ಆಟಗಾರರನ್ನು ಅದೇ ಯಂತ್ರದಲ್ಲಿ ನೋಡಿ ಹೋಲಿಸಿರಲಿಲ್ಲ. ದಿನವೂ ಕಠಿಣ ಅಭ್ಯಾಸ ಮಾಡುವವನ ಹೃದಯ ನಮ್ಮ ನಿಮ್ಮ ಹೃದಯದ ಹಾಗೆ ಇರುವುದಿಲ್ಲ. ಅದರ ಗೋಡೆ ದಪ್ಪವಾಗಿರಬಹುದು, ಕೋಣೆ ದೊಡ್ಡದಿರಬಹುದು. ಯಾವುದು ರೋಗದ್ದು, ಯಾವುದು ಅಭ್ಯಾಸದ್ದು ಎಂದು ಹೋಲಿಕೆಯಿಲ್ಲದೆ ಹೇಳುವುದು ಕಷ್ಟ. ನಿಮ್ಮ ಹೊಲದ ಮಣ್ಣನ್ನು ಮಾತ್ರ ಪರೀಕ್ಷಿಸಿ, ಪಕ್ಕದ ಹೊಲ ನೋಡದೆ, ಗೊಬ್ಬರದಿಂದಲೇ ಹೀಗಾಯಿತು ಎಂದ ಹಾಗೆ.

ಮುಂದಿನ ವರ್ಷ ದೊಡ್ಡ ಲೆಕ್ಕಗಳು ಬಂದವು. 42 ಕಾಲೇಜುಗಳಲ್ಲಿ ಸೋಂಕು ತಗುಲಿದ 3,018 ಆಟಗಾರರನ್ನು ಗಮನಿಸಿದಾಗ ಹೃದಯಕ್ಕೆ ತೊಂದರೆಯ ಗುರುತು ಇದ್ದವರು 21 ಜನ, ಅಂದರೆ ನೂರಕ್ಕೆ ಒಬ್ಬನೂ ಇಲ್ಲ. ಬಿಗ್ ಟೆನ್‌ನ 13 ವಿಶ್ವವಿದ್ಯಾಲಯಗಳು ಎಂಆರ್‌ಐ ಮಾಡಿಸಿದ 1,597 ಆಟಗಾರರಲ್ಲಿ ಉರಿಯೂತ ಕಂಡದ್ದು 37 ಜನರಲ್ಲಿ, ಶೇಕಡಾ 2.3. ಆ 37ರಲ್ಲಿ ಎದೆನೋವು, ಉಬ್ಬಸದಂಥ ಲಕ್ಷಣ ಇದ್ದವರು 9 ಜನ ಮಾತ್ರ. ಒಂದು ಕಡೆ ಏಕೆ ಕಡಿಮೆ, ಇನ್ನೊಂದು ಕಡೆ ಏಕೆ ಹೆಚ್ಚು? ಎಲ್ಲರಿಗೂ ಎಂಆರ್‌ಐ ಮಾಡಿಸಿದರೆ ಸಣ್ಣ ಗುರುತೂ ಕಾಣುತ್ತದೆ. ಇಸಿಜಿ, ರಕ್ತಪರೀಕ್ಷೆ ಮೊದಲು ಮಾಡಿ ಸಂಶಯ ಬಂದವರಿಗೆ ಮಾತ್ರ ಎಂಆರ್‌ಐ ಮಾಡಿಸಿದರೆ ದೊಡ್ಡ ಗುರುತು ಮಾತ್ರ ಕಾಣುತ್ತದೆ. ಜರಡಿಯ ಕಣ್ಣು ಎಷ್ಟು ಸಣ್ಣದೋ ಅಷ್ಟು ಕಾಳು ಮೇಲೆ ಉಳಿಯುತ್ತದೆ. ಬಿಗ್ ಟೆನ್ ಒಳಗೇ ಒಂದು ವಿಶ್ವವಿದ್ಯಾಲಯದಲ್ಲಿ ಸೊನ್ನೆ, ಇನ್ನೊಂದರಲ್ಲಿ ಶೇಕಡಾ 7.6 ಬಂದಿತ್ತು.

ಮೂವತ್ತೈದು, ಹದಿನೈದು, ಎರಡು ಚಿಲ್ಲರೆ, ಒಂದಕ್ಕಿಂತ ಕಡಿಮೆ. ಒಂದೇ ವರ್ಷದೊಳಗೆ ಈ ನಾಲ್ಕೂ ಅಂಕಿಗಳನ್ನು ಕೇಳಿದ ತಂದೆತಾಯಂದಿರು ಏನೆಂದುಕೊಳ್ಳಬೇಕು? ವೈದ್ಯರು ಸುಳ್ಳು ಹೇಳಿದರು ಎಂದು ಹಲವರು ಅಂದುಕೊಂಡರು. ನನ್ನ ಅಭಿಪ್ರಾಯದಲ್ಲಿ ಸುಳ್ಳು ಯಾರೂ ಹೇಳಲಿಲ್ಲ. ಆದರೆ ಇಪ್ಪತ್ತಾರು ಜನರನ್ನು ನೋಡಿ ತಿಳಿದದ್ದಕ್ಕೂ ಮೂರು ಸಾವಿರ ಜನರನ್ನು ನೋಡಿ ತಿಳಿದದ್ದಕ್ಕೂ ಇರುವ ತೂಕದ ವ್ಯತ್ಯಾಸವನ್ನು, ಮಾತನಾಡುವ ಹೊತ್ತಿಗೇ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದವರು ಕಡಿಮೆ. ಪತ್ರಿಕೆಗಳಿಗೂ ಟಿ.ವಿ.ಗೂ ದೊಡ್ಡ ಅಂಕಿಯೇ ರುಚಿ.

ಹೈಸ್ಕೂಲುಗಳಲ್ಲಿ ನಡೆದದ್ದು ಇನ್ನೂ ಗೊಂದಲ. ಮಿಷಿಗನ್ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘ ಆಗಸ್ಟ್ 14ರಂದು ಫುಟ್‌ಬಾಲನ್ನು ಮುಂದಿನ ವಸಂತಕ್ಕೆ ಹಾಕಿ, ಸೆಪ್ಟೆಂಬರ್ 3ರಂದು ಮತ್ತೆ ಆಡಿ ಎಂದಿತು. ಮಿನೆಸೋಟ ರಾಜ್ಯದಲ್ಲೂ ಆಗಸ್ಟ್‌ನಲ್ಲಿ ಬೇಡ, ಸೆಪ್ಟೆಂಬರ್‌ನಲ್ಲಿ ಬೇಕು. ಬಿಗ್ ಟೆನ್ ಒಕ್ಕೂಟವೂ ಸೆಪ್ಟೆಂಬರ್ 16ರಂದು ತನ್ನ ತೀರ್ಮಾನವನ್ನು ಹಿಂದೆಗೆಯಿತು. ಅದು ಚುನಾವಣೆಯ ವರ್ಷ. ಆಟ ನಡೆಯಲಿ ಎಂದು ರಾಷ್ಟ್ರಾಧ್ಯಕ್ಷರೇ ಬಹಿರಂಗವಾಗಿ ಒತ್ತಾಯಿಸಿದ್ದರು. ತೀರ್ಮಾನ ಬದಲಾದುದು ದಿನವೂ ಮಾಡಬಹುದಾದ ಶೀಘ್ರ ಪರೀಕ್ಷೆ ಬಂದದ್ದರಿಂದ ಎಂದು ಒಕ್ಕೂಟ ಹೇಳಿತು. ರಾಜಕೀಯದಿಂದ, ಹಣದಿಂದ ಎಂದು ಅರ್ಧ ದೇಶ ನಂಬಿತು.

ಹಾಗಾದರೆ ಆಡಿದವರಿಗೆ ಏನಾಯಿತು? ವಿಸ್ಕಾನ್ಸಿನ್ ರಾಜ್ಯದಲ್ಲಿ ಆ ಋತುವಿನಲ್ಲಿ ಆಡಿದ 207 ಶಾಲೆಗಳ ಸುಮಾರು 30 ಸಾವಿರ ಆಟಗಾರರ ಲೆಕ್ಕ ತೆಗೆದರು. ಸೋಂಕು ಕಂಡವರು 271. ಎಲ್ಲಿಂದ ಬಂತೆಂದು ತಿಳಿದ 209 ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರಿಂದಲೇ ಬಂದದ್ದು. ಆಟದಿಂದ ಬಂದದ್ದು ಒಂದೇ ಒಂದು. ಇದು ಶಾಲೆಗಳೇ ಕೊಟ್ಟ ವರದಿ, ಎಲ್ಲ ಮಕ್ಕಳನ್ನೂ ಪರೀಕ್ಷಿಸಿ ಬರೆದದ್ದಲ್ಲ. ಆದರೂ ಅಲಕ್ಷ್ಯ ಮಾಡುವ ಲೆಕ್ಕವಲ್ಲ. ಅದೇ ವಿಶ್ವವಿದ್ಯಾಲಯದವರು, ಆಟ ನಿಂತಿದ್ದ ಮೇ ತಿಂಗಳಿನಲ್ಲಿ, ಮೂರು ಸಾವಿರಕ್ಕೂ ಹೆಚ್ಚು ಆಟಗಾರ ಹುಡುಗ ಹುಡುಗಿಯರನ್ನು ವಿಚಾರಿಸಿದ್ದರು. ಖಿನ್ನತೆಯ ಲಕ್ಷಣಗಳು ಹಿಂದಿನ ವರ್ಷಗಳಿಗಿಂತ ಬಹಳ ಹೆಚ್ಚಾಗಿದ್ದವು. ಆಟ ನಿಲ್ಲಿಸುವುದೂ ಒಂದು ಔಷಧಿಯೇ, ಅದಕ್ಕೂ ಅಡ್ಡ ಪರಿಣಾಮ ಉಂಟು ಎಂಬ ಮಾತು ಆಗ ಬಲ ಪಡೆಯಿತು.

ಇಷ್ಟು ಕೇಳಿ, ಹೆದರಿದವರೆಲ್ಲ ಮೂರ್ಖರು ಎಂದುಕೊಳ್ಳಬೇಡಿ. ಡಿಸೆಂಬರ್ 2020ರಲ್ಲಿ ಫ್ಲೋರಿಡಾದಲ್ಲಿ ಹೈಸ್ಕೂಲು ಕುಸ್ತಿ ಪಂದ್ಯಗಳು ನಡೆದವು. ಹತ್ತು ಶಾಲೆಗಳಿಂದ 130 ಜನ ಸೇರಿದ್ದರು. ಅವರಲ್ಲಿ 38 ಜನರಿಗೆ ಸೋಂಕು ದೃಢಪಟ್ಟಿತು. ಅವರಿಂದ ಮನೆಯವರಿಗೂ ಇತರರಿಗೂ ಹರಡಿ, ಸಂಪರ್ಕಕ್ಕೆ ಬಂದ ಒಬ್ಬ ವಯಸ್ಕರು ತೀರಿಕೊಂಡರು. ಪ್ರತ್ಯೇಕವಾಗಿರಬೇಕಾಗಿ ಬಂದ ಮಕ್ಕಳೆಲ್ಲ ಸೇರಿ ಕಳೆದುಕೊಂಡ ಶಾಲೆಯ ದಿನಗಳು ಸುಮಾರು 1,700. ಬಯಲಿನಲ್ಲಿ ಗಾಳಿಗೆ ಓಡುವ ಆಟ ಬೇರೆ, ಮುಚ್ಚಿದ ಕೋಣೆಯಲ್ಲಿ ಉಸಿರಿಗೆ ಉಸಿರು ತಾಗಿಸಿ ಹಿಡಿಯುವ ಪಟ್ಟು ಬೇರೆ. ಶಾಲೆಯ ಆಟ ಎಂಬ ಒಂದೇ ಹೆಸರಿನಡಿ ಎರಡನ್ನೂ ಸೇರಿಸಿ ಬೇಕು ಬೇಡ ಎಂದು ಚರ್ಚಿಸಿದ್ದೇ ಆ ವರ್ಷದ ದೊಡ್ಡ ಅವಾಂತರವೆಂದು ನನಗೆ ತೋರುತ್ತದೆ. ನಮ್ಮ ಹಳ್ಳಿಯ ಮಕ್ಕಳಾದರೂ ಖೋಖೋಗೂ ಕುಸ್ತಿಗೂ ವ್ಯತ್ಯಾಸ ಹೇಳಿಯಾರು.

ಇನ್ನೊಂದು ಸಂಗತಿ. ಸೋಂಕು ಎಷ್ಟು ಜನರಿಗೆ ತಗುಲೀತು, ಹೃದಯ ಎಷ್ಟು ಜನರದ್ದು ಊದೀತು ಎಂದು ಹೇಳುವುದು ವೈದ್ಯರ ವಿದ್ಯೆ. ಆ ಅಪಾಯಕ್ಕೆ ಎದುರಾಗಿ ಒಂದು ವರ್ಷದ ಆಟವನ್ನು, ವಿದ್ಯಾರ್ಥಿವೇತನವನ್ನು, ಮಗುವಿನ ಮನಸ್ಸನ್ನು, ಮನೆಯಲ್ಲಿರುವ ಅಜ್ಜಿಯ ಪ್ರಾಣವನ್ನು ತೂಗುವುದು ಅವರೊಬ್ಬರ ಕೆಲಸವಲ್ಲ. ಅದು ಊರಿನವರ, ಮಂಡಳಿಯವರ, ತಂದೆತಾಯಿಯರ ಕೆಲಸ. ಅಮೆರಿಕದಲ್ಲಿ ಎಷ್ಟೋ ಶಾಲಾ ಮಂಡಳಿಗಳು ತಾವು ತೂಗಬೇಕಾದ ತಕ್ಕಡಿಯನ್ನು ವೈದ್ಯರ ಕೈಗೆ ಕೊಟ್ಟವು. ತೀರ್ಮಾನ ಹಿಡಿಸದವರು ವೈದ್ಯರನ್ನೇ ಬೈದರು. ಆರೋಗ್ಯಾಧಿಕಾರಿಗಳ ಮನೆಮುಂದೆ ಪ್ರತಿಭಟನೆಗಳಾದವು, ಹಲವರು ಕೆಲಸ ಬಿಟ್ಟರು.

ವಿಶ್ವಾಸ ಎಷ್ಟು ಕುಸಿಯಿತೆಂದು ಅಳೆದವರೂ ಇದ್ದಾರೆ. ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ವೈದ್ಯರನ್ನೂ ಆಸ್ಪತ್ರೆಗಳನ್ನೂ ಬಹಳ ನಂಬುತ್ತೇವೆ ಎಂದವರು ಏಪ್ರಿಲ್ 2020ರಲ್ಲಿ ನೂರಕ್ಕೆ 71 ಚಿಲ್ಲರೆ. ಜನವರಿ 2024ರಲ್ಲಿ 40. ಇದಕ್ಕೆಲ್ಲ ಆಟದ ಜಗಳವೊಂದೇ ಕಾರಣವಲ್ಲ. ಲಸಿಕೆ, ಮಾಸ್ಕ್, ಶಾಲೆ ಮುಚ್ಚಿದ್ದು, ರಾಜಕೀಯ ಎಲ್ಲವೂ ಸೇರಿವೆ. ಅದರ ಫಲ 2023ರ ಜನವರಿ 2ರಂದು ಕಂಡಿತು. ಡಮಾರ್ ಹ್ಯಾಮ್ಲಿನ್ ಎಂಬ ವೃತ್ತಿಪರ ಫುಟ್‌ಬಾಲ್ ಆಟಗಾರ ಪಂದ್ಯದ ನಡುವೆ ಕುಸಿದುಬಿದ್ದರು. ಮೈದಾನದಲ್ಲೇ ಎದೆಯೊತ್ತಿ, ವಿದ್ಯುತ್ ಆಘಾತ ಕೊಟ್ಟು ಹೃದಯವನ್ನು ಮತ್ತೆ ನಡೆಸಿದರು. ಅವರನ್ನು ಆಸ್ಪತ್ರೆಗೆ ಸೇರಿಸುವ ಮೊದಲೇ ಇದು ಲಸಿಕೆಯಿಂದ ಆದದ್ದು ಎಂಬ ಗಾಳಿಮಾತು ಹಬ್ಬಿತು. ಎದೆಗೆ ಒಂದು ನಿರ್ದಿಷ್ಟ ಕ್ಷಣದಲ್ಲಿ ಬಿದ್ದ ಪೆಟ್ಟಿನಿಂದ ಬಡಿತ ನಿಂತಿತೆಂದು ವೈದ್ಯರು ಕಂಡುಕೊಂಡರು. ಅದೇ ವರ್ಷ ಅವರು ಮತ್ತೆ ಮೈದಾನಕ್ಕಿಳಿದರು. ಗಾಳಿಮಾತು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಕಬಡ್ಡಿ ಹುಡುಗನಿಗೆ ಏನು ಹೇಳುವುದು? ಅಮೆರಿಕದ ಹೃದ್ರೋಗ ತಜ್ಞರ ಸಂಘವು 2022ರಲ್ಲಿ ಸಲಹೆಯನ್ನು ಸಡಿಲಿಸಿತು. ಕೋವಿಡ್ ಬಂದು, ಲಕ್ಷಣವೇ ಇಲ್ಲದಿದ್ದವರಿಗೆ ಅಥವಾ ಸಣ್ಣಗೆ ನೆಗಡಿ, ಗಂಟಲು ನೋವು ಬಂದು ಗುಣವಾದವರಿಗೆ ಹೃದಯದ ಪರೀಕ್ಷೆ ಬೇಕಿಲ್ಲ. ಎದೆನೋವು, ಎದೆ ಹೊಡೆದುಕೊಳ್ಳುವುದು, ಹಿಂದೆ ಇಲ್ಲದ ಏದುಸಿರು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದಿದ್ದರೂ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಇಸಿಜಿಯಿಂದ ಪರೀಕ್ಷೆ ಮೊದಲಾಗುತ್ತದೆ. ಜ್ವರ ಮೈಯಲ್ಲಿರುವಾಗ, ಅದು ಯಾವ ಜ್ವರವೇ ಆಗಲಿ, ಓಟ ಕೂಡದು. ಜ್ವರ ಬಿಟ್ಟ ಮೇಲೆ ಮೊದಲ ದಿನ ನಡಿಗೆ, ಆಮೇಲೆ ಸ್ವಲ್ಪ ಓಟ, ಆಮೇಲೆ ಪಂದ್ಯ. ದೈಹಿಕ ಶಿಕ್ಷಣದ ಮೇಷ್ಟ್ರಿಗೂ ಈ ವಿಷಯ ತಿಳಿಸಿಬಿಡಿ. ಹುಡುಗ ತಾನಾಗಿ ಹೇಳುವುದಿಲ್ಲ, ತಂಡದಿಂದ ಬಿಟ್ಟಾರೆಂಬ ಹೆದರಿಕೆ ಅವನಿಗೆ.